ನಾಲ್ಕನೆಯ ಡಬ್ಬಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 10

ಇಪ್ಪತ್ತನಾಲ್ಕು ಗಾಜಿನ ಡಬ್ಬಿ ಬಂದವು. ಒಂದೂ ಒಡೆದಿಲ್ಲ. ಎಲ್ಲ ಒಂದೇ ಅಳತೆ, ಒಂದೇ ಬಣ್ಣದ ಮುಚ್ಚಳ. ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೇನೆ. ನೋಡಲು ಎರಡು ಕಣ್ಣು ಸಾಲದು.

ಇವಳು ತಂಗಿಯ ಮನೆಗೆ ಹೋಗಿ ನಾಲ್ಕು ದಿನ. ತಂಗಿಗೆ ಕಾಲಿನ ಮೂಳೆ ಮುರಿದಿದೆ, ಇನ್ನೊಂದು ವಾರ ಬರುವುದಿಲ್ಲ. ಅಷ್ಟರಲ್ಲಿ ಅಡುಗೆಮನೆ ಮುಗಿಸಬೇಕು. ಮೂವತ್ತೊಂದು ವರ್ಷ ಆಸ್ಪತ್ರೆಯ ಅಡುಗೆ ಸ್ಟೋರ್ಸ್ ನೋಡಿಕೊಂಡವನು ನಾನು. ಆರುನೂರು ರೋಗಿಗಳ ಅಕ್ಕಿ, ಬೇಳೆ. ಒಂದು ದಿನವೂ ಒಂದು ಚೀಲ ಹೆಚ್ಚುಕಮ್ಮಿ ಆಗಿದ್ದಿಲ್ಲ. ಅಂಥವನ ಸ್ವಂತ ಮನೆಯಲ್ಲಿ ಸಾಸಿವೆ ಇರುವುದು ಬಿಸ್ಕತ್ತಿನ ಡಬ್ಬದಲ್ಲಿ. ಸಕ್ಕರೆ ಇರುವುದು ನೆಗ್ಗಿಹೋದ ಹಾಲಿನ ಪುಡಿ ಡಬ್ಬದಲ್ಲಿ. ಉಪ್ಪು ಕಿವಿ ಮುರಿದ ಪಿಂಗಾಣಿ ಭರಣಿಯಲ್ಲಿ. ಜೀರಿಗೆ — ಕೆಮ್ಮಿನ ಔಷಧಿ ಸೀಸೆಯಲ್ಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ರಿಟೈರಾಗಿ ನಾಲ್ಕು ತಿಂಗಳು. ಕೈ ಕಟ್ಟಿಹಾಕಿದ ಹಾಗಿತ್ತು. ಇವತ್ತು ಜೀವ ಬಂತು.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಎಲ್ಲ ಸುರಿದು ತುಂಬಿಸಿ ಆಯಿತು. ಡಬ್ಬಿಗೊಂದು ಲೇಬಲ್. ಮೇಲೆ ಹೆಸರು, ಕೆಳಗೆ ತುಂಬಿದ ತಾರೀಕು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು, ಹಳೆಯದರ ಮೇಲೆ ಹೊಸದು ಸುರಿಯಬಾರದು. ಇವಳಿಗೆ ಇದನ್ನು ಮದುವೆಯಾದ ವರ್ಷದಿಂದ ಹೇಳುತ್ತ ಬಂದಿದ್ದೇನೆ.

ಜೋಡಣೆ ಅಕಾರಾದಿಯಾಗಿ, ಸ್ಟೋರ್ಸ್ ರಿಜಿಸ್ಟರಿನ ಹಾಗೆ. ಅಕ್ಕಿಯಿಂದ ಶುರು, ಸಾಸಿವೆಯಲ್ಲಿ ಮುಕ್ತಾಯ. ನಾಲ್ಕು ಹಲಗೆ, ಹಲಗೆಗೆ ಆರು ಡಬ್ಬಿ. ಕೆಳಗಿನ ಹಲಗೆಯಲ್ಲಿ ಮಾತ್ರ ಐದು — ಯಾಲಕ್ಕಿ, ರವೆ, ಲವಂಗ, ಸಕ್ಕರೆ, ಸಾಸಿವೆ. ಯಾಲಕ್ಕಿ ಡಬ್ಬಿಯ ತಳದಲ್ಲಿ ಹದಿನಾಲ್ಕು ಕಾಯಿ, ಮೇಲೆಲ್ಲ ಗಾಳಿ. ಇರಲಿ, ಪದ್ಧತಿ ಎಂದರೆ ಪದ್ಧತಿ.

ಒಂದು ಡಬ್ಬಿ ಖಾಲಿ ಉಳಿಯಿತು. ಅದೊಂದು ಕಣ್ಣಿಗೆ ಚುಚ್ಚುತ್ತಿದೆ.

ಅವಳ ಹಳೆಯ ಡಬ್ಬಗಳನ್ನೆಲ್ಲ ಗುಜರಿಯವನಿಗೆ ಹಾಕಿದೆ. ಎರಡು ಚೀಲ ಆಯಿತು.

ಮಾರ್ಚ್ 8, ಶನಿವಾರ

ದಿನಸಿ ಅಂಗಡಿಗೆ ಹೋದೆ. ಆಸ್ಪತ್ರೆಯ ಇಂಡೆಂಟ್ ಫಾರಂ ತರಹವೇ ಪಟ್ಟಿ — ಇರುವುದು ಎಷ್ಟು, ಬೇಕಾದದ್ದು ಎಷ್ಟು. ಅಂಗಡಿಯವನು ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಯಜಮಾನ್ರೇ, ಇದಕ್ಕೆ ನಾನೆಲ್ಲಿ ಸೈನ್ ಹಾಕ್ಬೇಕು?" ಅಂದ. ಅಂಗಡಿಯಲ್ಲಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ.

"ಅಮ್ಮಾವ್ರು ಬಂದ್ರೆ ಬೇರೆ ತರಹ. ಬೇಳೆನ ಅಂಗೈಲಿ ಉಜ್ಜಿ ನೋಡ್ತಾರೆ, ಮೂಸ್ತಾರೆ, ಬಾಯಿಗೆ ಒಂದು ಕಾಳು ಹಾಕ್ಕೋತಾರೆ. ಚೀಟಿ ಗೀಟಿ ಏನಿಲ್ಲ. ಕಣ್ಣೆತ್ತಿ ನೋಡೋದೂ ಇಲ್ಲ. ಆದ್ರೆ ಅವರ ಕೈಗೆ ಹಳೇ ಮಾಲು ದಾಟಿಸೋಕೆ ನನ್ನಿಂದ ಇವತ್ತಿನ ತನಕ ಆಗಿಲ್ಲ."

ಹೆಂಗಸರ ಅಂದಾಜಿನ ವ್ಯಾಪಾರ. ನಾನು ಪ್ಯಾಕೆಟ್ಟಿನ ತಾರೀಕು ಓದಿ ತಂದೆ.

ಮಾರ್ಚ್ 11, ಮಂಗಳವಾರ. ಸಂಜೆ 5

ಬಂದಳು. ಕೈಕಾಲು ತೊಳೆದವಳೇ ಅಡುಗೆಮನೆಗೆ. ಬಾಗಿಲಲ್ಲೇ ನಿಂತಳು. ಬಹಳ ಹೊತ್ತು.

"ಹೇಗಿದೆ?" ಅಂದೆ.

"ಚೆನ್ನಾಗಿದೆ. ಎಲ್ಲ ಒಂದೇ ತರಹ."

"ಅದೇ ಬೇಕಾಗಿದ್ದು."

"ನನ್ನ ಡಬ್ಬಗಳು?"

"ಗುಜರಿಗೆ ಹಾಕಿದೆ."

ಹಲಗೆಯ ಹತ್ತಿರ ಹೋಗಿ ಒಂದೊಂದೇ ಡಬ್ಬಿ ಮುಟ್ಟುತ್ತ ಬಂದಳು, ಮೊದಲಿನಿಂದ ಕೊನೆಯ ತನಕ. ಮುಚ್ಚಳದ ಮೇಲೆ ಬೆರಳು. ಮೆಚ್ಚಿಕೊಂಡಳು ಎಂದುಕೊಂಡೆ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳ ಅಡುಗೆಮನೆಗೆ ನಾನೇನೋ ಮಾಡಿಕೊಟ್ಟಿದ್ದೇನೆ.

ಮಾರ್ಚ್ 13, ಗುರುವಾರ

ಟೀಗೆ ಉಪ್ಪು. ನಿನ್ನೆ ಬೇಳೆಗೆ ಸಕ್ಕರೆ. ಲೇಬಲ್ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ, ಬೀದಿಯಲ್ಲಿ ನಿಂತವನೂ ಓದಬಹುದು.

ಸಂಜೆ ಮಗಳು ಬಂದಿದ್ದಳು, ಎರಡು ಬೀದಿ ಆಚೆಯೇ ಅವಳ ಮನೆ. ಅವಳ ಮುಂದೆ ಹೇಳಿದೆ — "ನಿಮ್ಮಮ್ಮನ್ನ ಮತ್ತೆ ಒಂದನೇ ಕ್ಲಾಸಿಗೆ ಸೇರಿಸಬೇಕು. ಉಪ್ಪಿಗೂ ಸಕ್ಕರೆಗೂ ಅಕ್ಷರ ಮರೆತಿದ್ದಾಳೆ." ಮಗಳು ನಕ್ಕಳು. ಇವಳೂ ನಕ್ಕು, "ವಯಸ್ಸಾಯ್ತಲ್ಲ" ಅಂದಳು. ಸೆರಗಿನಿಂದ ಲೋಟ ಒರೆಸುತ್ತಿದ್ದಳು, ಒರೆಸಿದ ಲೋಟವನ್ನೇ ಮತ್ತೆ.

ಮಾರ್ಚ್ 15, ಶನಿವಾರ. ಸಂಜೆ 4

ಡಬ್ಬಿಗಳಿಗೆಲ್ಲ ರಬ್ಬರ್ ಬ್ಯಾಂಡ್ ಸುತ್ತಿದ್ದಾಳೆ. ಉಪ್ಪಿಗೆ ಒಂದು, ಸಕ್ಕರೆಗೆ ಎರಡು, ತೊಗರಿಬೇಳೆಗೆ ಒಂದು ದಾರ ಗಂಟು ಹಾಕಿ. ಮೆಣಸಿನ ಪುಡಿಯ ಮುಚ್ಚಳದ ಮೇಲೆ ಮೇಣದ ಒಂದು ತೊಟ್ಟು. ಏನಿದು, ಆಟ? ಅವಳು ಮಲಗಿದ್ದಾಗ ಎಲ್ಲ ತೆಗೆದೆ, ಮೇಣ ಕೆರೆದೆ. ಬ್ಯಾಂಡುಗಳನ್ನು ಡ್ರಾಯರಿನಲ್ಲಿ ಹಾಕಿದ್ದೇನೆ, ಯಾವುದಕ್ಕಾದರೂ ಬರುತ್ತವೆ.

ಮೊಮ್ಮಗಳು ಬಂದಿದ್ದಳು. ಏಳು ವರ್ಷ, ಈಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಹುಚ್ಚು. ಅಜ್ಜಿಗೂ ಕಥೆ ಪುಸ್ತಕ ಇವಳೇ ಓದಿ ಹೇಳುತ್ತಾಳಂತೆ. "ಅಜ್ಜಿ ಯಾವಾಗಲೂ ಕನ್ನಡಕ ಎಲ್ಲೋ ಬಿಟ್ಟಿರ್ತಾಳೆ ತಾತ" ಅಂದಳು. ಸೋಮಾರಿ ಅಜ್ಜಿ.

ನೆಲದ ಮೇಲೆ ಕೂತು ಕೆಳಗಿನ ಹಲಗೆ ಓದಿದಳು. "ಯಾಲಕ್ಕಿ, ರವೆ, ಲವಂಗ... ಯ, ರ, ಲ. ತಾತ, ವ ಎಲ್ಲಿ?"

"ವ ಇಲ್ಲ ಪುಟ್ಟಿ."

"ಪಾಪ. ಒಂದು ಡಬ್ಬಿ ಖಾಲಿ ಇದೆಯಲ್ಲ, ಕೊಡೋಣ."

ಇಬ್ಬರೂ ಮನೆಯೆಲ್ಲ ಹುಡುಕಿದೆವು. ಬಚ್ಚಲಲ್ಲಿ ಹರಿದ ಪ್ಯಾಕೆಟ್ಟಿನಲ್ಲಿ ವಾಷಿಂಗ್ ಸೋಡಾ ಚೆಲ್ಲಿ ಬಿದ್ದಿತ್ತು. ಅದಕ್ಕೂ ಒಂದು ಗತಿ ಕಾಣಿಸಿದ ಹಾಗಾಯಿತು. ಲೇಬಲ್ ಅವಳೇ ಬರೆದಳು, ನಾಲಿಗೆ ಹೊರಗೆ ಹಾಕಿಕೊಂಡು. ಸ್ಟೋರ್ಸ್ ಪದ್ಧತಿಯಲ್ಲಾದರೆ 'ಸೋಡಾ – ವಾಷಿಂಗ್' ಎಂದು ಬರೆದು ಸಾಲಿನ ಕೊನೆಗೆ ಇಡಬೇಕು. ಮಗುವಿಗೋಸ್ಕರ ಲವಂಗ ಮತ್ತು ಸಕ್ಕರೆಯ ನಡುವೆ ಇಟ್ಟೆ. ಯ ರ ಲ ವ ಸರಿಹೋಯಿತು. ಹಲಗೆ ಭರ್ತಿ.

ಇವಳಿಗೆ ಹೇಳಬೇಕು. ಪಕ್ಕದ ಮನೆಗೆ ಹೋಗಿದ್ದಾಳೆ. ನಾಳೆ ಹೇಳಿದರಾಯಿತು.

ಮಾರ್ಚ್ 16, ಭಾನುವಾರ. ಸಂಜೆ 6

ಮಗುವಿಗೆ ಹುಷಾರಿಲ್ಲದಂತಾಯಿತು. ಮಧ್ಯಾಹ್ನ ಮಗಳೂ ಮಗುವೂ ಊಟಕ್ಕೆ ಬಂದಿದ್ದರು, ಇವಳು ಹಾಲಿನಲ್ಲಿ ಬೇಯಿಸಿದ ಸಿಹಿ ಅನ್ನ ಮಾಡಿದ್ದಳು. ಸಕ್ಕರೆ ಬದಲು ವಾಷಿಂಗ್ ಸೋಡಾ ಬಿದ್ದಿತ್ತು. ಪುಟ್ಟಿ ಎರಡು ಚಮಚ ತಿಂದಳು. ಬಾಯಿ ಉರಿ, ವಾಂತಿ. ಡಾಕ್ಟರ್ ನೋಡಿದರು. ಈಗ ಪರವಾಗಿಲ್ಲ, ಮಲಗಿದ್ದಾಳೆ.

ಇವಳ ಕೈತಪ್ಪು. ಇಷ್ಟೇ.

ಮಾರ್ಚ್ 20, ಗುರುವಾರ. ಬೆಳಿಗ್ಗೆ

ಮೂರು ದಿನ ಬರೆಯಲಿಲ್ಲ. ಭಾನುವಾರದ ಪುಟ ಹರಿಯೋಣ ಎಂದುಕೊಂಡೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಹರಿದರೆ ಅದು ಎರಡನೇ ಸುಳ್ಳಾಗುತ್ತದೆ. ಇರಲಿ.

ನಡೆದದ್ದು ಇದು. ಮಗು ಕಿರುಚಿತು, ಬಟ್ಟಲು ದೂಡಿತು. ನಾನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ತಕ್ಷಣ ಗೊತ್ತಾಯಿತು. "ವಾಷಿಂಗ್ ಸೋಡಾ" ಅಂದೆ. ಅಷ್ಟನ್ನು ಹೇಳಿದೆ, ಡಾಕ್ಟರಿಗೆ ಬೇಕಾಗುತ್ತದೆ ಎಂದು. ಮಗಳು ಅವಳ ಅಮ್ಮನ ಕಡೆ ತಿರುಗಿ, "ಬಚ್ಚಲಿಂದ ತಂದು ಹಾಕಿದ್ಯಾ ಅಮ್ಮ?" ಅಂದಳು.

"ಇಲ್ವೇ. ಸಕ್ಕರೆನೇ ಹಾಕಿದ್ದು. ಸಕ್ಕರೆ ಡಬ್ಬಿಯಿಂದಲೇ."

ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಬಿಡಲಿಲ್ಲ.

"ನೀವು ಆಟೋ ಹಿಡೀರಿ, ನಾನು ಬೀಗ ಹಾಕಿ ಬರ್ತೀನಿ" ಅಂದೆ. ಅವರು ಮೂವರೂ ಹೋದರು. ನನಗೆ ಹತ್ತು ನಿಮಿಷ ಸಿಕ್ಕಿತು. ಸೋಡಾವನ್ನು ಹರಿದ ಪ್ಯಾಕೆಟ್ಟಿಗೆ ವಾಪಸ್ ಸುರಿದೆ, ಬಚ್ಚಲಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟೆ. ಡಬ್ಬಿ ತೊಳೆದೆ, ಒರೆಸಿದೆ, ಸಾಲಿನ ಕೊನೆಗೆ ಖಾಲಿ ಇಟ್ಟೆ. ಸಕ್ಕರೆಯನ್ನು ಲವಂಗದ ಪಕ್ಕಕ್ಕೆ ಸರಿಸಿದೆ. ಸ್ಟೋರ್ಸ್ ಇನ್‌ಸ್ಪೆಕ್ಷನ್ನಿಗೆ ಮುಂಚೆ ಹೇಗೆ ಚುರುಕಾಗಿ ಕೆಲಸ ಮಾಡುತ್ತಿದ್ದೆನೋ ಹಾಗೆ ಮಾಡಿದೆ. ಆಮೇಲೆ ಕ್ಲಿನಿಕ್ಕಿಗೆ ನಡೆದು ಹೋದೆ.

ಲೇಬಲ್ ಮಾತ್ರ ಎಸೆಯಲಾಗಲಿಲ್ಲ. ಮಗುವಿನ ಅಕ್ಷರ. ಇದೇ ಪುಸ್ತಕದ ಹಿಂದಿನ ರಟ್ಟಿನೊಳಗೆ ಇದೆ.

ಹಿಂದೊಮ್ಮೆ ಆಸ್ಪತ್ರೆಯಲ್ಲಿ ಒಬ್ಬ ಕೆಲಸದವನು ಹಿಟ್ಟಿನ ಚೀಲದ ಪಕ್ಕ ಫಿನಾಯಿಲ್ ಕ್ಯಾನ್ ಇಟ್ಟಿದ್ದ. ಏನೂ ಆಗಿರಲಿಲ್ಲ, ಮುಚ್ಚಳ ಭದ್ರವಾಗಿತ್ತು. ಆದರೂ ಮೆಮೊ ಕೊಟ್ಟೆ. ಎಲ್ಲರೆದುರು ನಿಲ್ಲಿಸಿ, "ತಿನ್ನುವ ವಸ್ತು ಬೇರೆ, ತೊಳೆಯುವ ವಸ್ತು ಬೇರೆ" ಎಂದು ಮೂರು ಸಲ ಹೇಳಿಸಿದೆ. ಅವನಿಗೆ ನನ್ನ ಅಪ್ಪನ ವಯಸ್ಸು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಮಾರ್ಚ್ 23, ಭಾನುವಾರ. ಮಧ್ಯಾಹ್ನ 3

ಮಗಳು ಊಟ ತಂದಿದ್ದಳು, ಕ್ಯಾರಿಯರಿನಲ್ಲಿ. ಇನ್ನು ಭಾನುವಾರದ ಊಟ ಅಲ್ಲಿಂದಲೇ ಬರುತ್ತದಂತೆ. "ಅಮ್ಮಂಗೆ ಸ್ವಲ್ಪ ರೆಸ್ಟ್ ಇರಲಿ ಅಪ್ಪ." ಮಾತು ಮೃದುವಾಗಿಯೇ ಇತ್ತು. ಆದರೆ ಮಗುವನ್ನು ಕಣ್ಣೆದುರಿನಿಂದ ಬಿಡಲಿಲ್ಲ. ಇವಳು ಮಗುವಿಗೆ ನೀರು ಕೊಡಲು ಹೋದರೆ ಮಗಳೇ ಲೋಟ ಇಸಿದುಕೊಂಡು ಮೊದಲು ಮೂಸಿ ನೋಡಿ ಕೊಟ್ಟಳು. ಇವಳು ನೋಡಲಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎದ್ದು ಬಟ್ಟೆ ಮಡಚುವ ನೆಪದಲ್ಲಿ ಒಳಗೆ ಹೋದಳು.

ನನ್ನನ್ನು ಪಕ್ಕಕ್ಕೆ ಕರೆದು ಮಗಳು ಹೇಳಿದಳು — ಮರೆವಿನ ಡಾಕ್ಟರಿಗೆ ತೋರಿಸೋಣ. ಏಪ್ರಿಲ್ ಮೂರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಟೀಗೆ ಉಪ್ಪು ಹಾಕಿದ್ದನ್ನು ನೀವೇ ಹೇಳಿದ್ರಲ್ಲ.

ಹೌದು, ನಾನೇ ಹೇಳಿದ್ದೆ.

ಹೊರಡುವಾಗ ಮಗು ನನ್ನ ಮೊಣಕೈ ಎಳೆದು ಕಿವಿಯಲ್ಲಿ ಕೇಳಿತು. "ತಾತ, ವ ಡಬ್ಬಿ ಎಲ್ಲಿ ಹೋಯ್ತು?"

ಮಗಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ಬಾಗಿಲ ಕಡೆ ನೋಡಿದೆ.

"ಯಾವ ಡಬ್ಬಿ ಪುಟ್ಟಿ? ವ ಇರಲೇ ಇಲ್ಲವಲ್ಲ. ನಾವು ಹುಡುಕಿದೆವು, ಸಿಗಲಿಲ್ಲ."

"ನಾನು ಬರೆದೆ..."

"ಜ್ವರದಲ್ಲಿ ಕನಸು ಬಿದ್ದಿರಬೇಕು."

ನನ್ನ ಮುಖವನ್ನೇ ನೋಡಿತು. ಜ್ವರ ಬಂದಿರಲಿಲ್ಲ ಅದಕ್ಕೆ. ಆಮೇಲೆ "ಹೂಂ" ಅಂದಿತು. ಮಕ್ಕಳು ದೊಡ್ಡವರನ್ನು ನಂಬಿಬಿಡುತ್ತವೆ. ನಾಚಿಕೆ ಎನ್ನುವುದಕ್ಕೆ ಇದಕ್ಕಿಂತ ಕೆಳಗೆ ಒಂದು ಹಲಗೆ ಇದ್ದರೆ ಅದೂ ನನಗೇ ಇರಲಿ.

ಮಾರ್ಚ್ 26, ಬುಧವಾರ. ಬೆಳಿಗ್ಗೆ 11

ಪೇಪರ್ ಓದುತ್ತಿದ್ದೆ. ಅಡುಗೆಮನೆಯಲ್ಲಿ ಸದ್ದಿಲ್ಲ. ಹೋಗಿ ನೋಡಿದೆ. ಒಲೆ ಹಚ್ಚಿರಲಿಲ್ಲ. ಕೆಳಗಿನ ಹಲಗೆಯ ಮುಂದೆ ಕೂತಿದ್ದಾಳೆ. ಎಡದ ತುದಿಯಿಂದ ಬೆರಳಿಡುತ್ತ, "ಒಂದು, ಎರಡು, ಮೂರು, ನಾಲ್ಕು." ನಾಲ್ಕನೆಯದರ ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ. ಮುಚ್ಚಿದಳು. ಮತ್ತೆ ಮೊದಲಿನಿಂದ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಬಾಯಿಗೆ.

ನಾಲ್ಕು ಸಲ ಮಾಡಿದಳು. ನಾನು ಕಾಲು ಸಪ್ಪಳ ಮಾಡದೆ ಹಿಂದಕ್ಕೆ ಬಂದೆ.

ಒಂದು ಕ್ಷಣ ಅನ್ನಿಸಿತು — ನಿಜವಾಗಿಯೂ ತಲೆ ಕೆಟ್ಟಿದೆಯೇನೋ. ಹಾಗನ್ನಿಸಿದಾಗ ಮನಸ್ಸಿಗೆ ಒಂದು ಥರ ನೆಮ್ಮದಿಯಾಯಿತು. ಹಾಗಾದರೆ ಭಾನುವಾರದ್ದು ಪೂರ್ತಿ ನನ್ನ ತಪ್ಪಲ್ಲ ಎಂದು. ಹೆಂಡತಿಗೆ ಹುಚ್ಚು ಹಿಡಿಯಲಿ ಎಂದು ಹಾರೈಸಿದವನು ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ಏಪ್ರಿಲ್ 3, ಗುರುವಾರ. ಸಂಜೆ 5

ಮರೆವಿನ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಇವತ್ತು ಯಾವ ವಾರ, ನಿಮ್ಮ ಅಮ್ಮನ ಹೆಸರೇನು, ನೂರರಿಂದ ಏಳೇಳು ಕಳೆಯುತ್ತ ಹೋಗಿ — ಎಲ್ಲಕ್ಕೂ ಟಕಟಕ ಉತ್ತರ. ನಾನಾದರೆ ಎಂಬತ್ತಾರಲ್ಲೇ ತಪ್ಪುತ್ತಿದ್ದೆ. ಆಮೇಲೆ ಒಂದು ಹಾಳೆ ಮುಂದಿಟ್ಟರು, ಪ್ರಾಣಿಗಳ ಚಿತ್ರ. "ಇದೇನಮ್ಮ?"

"ಗೊತ್ತಿಲ್ಲ."

"ಇದು?"

"ಗೊತ್ತಿಲ್ಲ ಡಾಕ್ಟ್ರೇ."

ಮಗಳು ನನ್ನ ಕೈ ಹಿಡಿದುಕೊಂಡಳು. ಡಾಕ್ಟರ್ ಮಾತ್ರ ಸುಮ್ಮನೆ ಹಾಳೆಯನ್ನು ಪಕ್ಕಕ್ಕೆ ಸರಿಸಿದರು, ಸ್ವಲ್ಪ ಮೇಲೆ, ಸ್ವಲ್ಪ ಎಡಕ್ಕೆ. ಇವಳ ಕಣ್ಣು ಅದರ ಹಿಂದೆ ಬರಲಿಲ್ಲ. ಬರಿಯ ಟೇಬಲ್ಲನ್ನೇ ನೋಡುತ್ತಿದ್ದಳು.

"ಅಮ್ಮ, ಹಾಳೆ ಎಲ್ಲಿದೆ ತೋರಿಸಿ."

ಇವಳು ತಲೆ ತಗ್ಗಿಸಿದಳು.

"ಎಷ್ಟು ದಿನ ಆಯ್ತು?"

"ಎರಡು ವರ್ಷ" ಅಂದಳು, ಕದ್ದು ಸಿಕ್ಕಿಬಿದ್ದವಳ ಹಾಗೆ. ಕದ್ದವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ಏಪ್ರಿಲ್ 5, ಶನಿವಾರ

ಕಣ್ಣಿನ ಆಸ್ಪತ್ರೆ. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ನಡುವೆ ಬಳೆಯಷ್ಟು ಅಗಲ, ಅದೂ ಮಸುಕು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆ ಎರಡು ಸಲ ಡ್ರಾಪ್ಸ್. ಎರಡು ವರ್ಷದ ಹಿಂದೆಯೇ ಬಂದಿದ್ದರೆ, ಎಂದು ಶುರು ಮಾಡಿ ಡಾಕ್ಟರ್ ನನ್ನ ಮುಖ ನೋಡಿ ನಿಲ್ಲಿಸಿದರು.

ಆಟೋದಲ್ಲಿ ಕೇಳಿದೆ. "ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಒಲೆ ಹತ್ತಿರ ಬಿಡ್ತಿದ್ರಾ? ಅಡುಗೆಮನೇಲಿ ನನಗೆ ಕಣ್ಣೇ ಬೇಕಾಗಿರಲಿಲ್ಲ. ನೆಗ್ಗಿದ ಡಬ್ಬ ಸಕ್ಕರೆ, ಕಿವಿ ಮುರಿದದ್ದು ಉಪ್ಪು, ಸೀಸೆ ಅಂದ್ರೆ ಜೀರಿಗೆ. ಕತ್ತಲಲ್ಲೂ ಮಾಡ್ತಿದ್ದೆ."

"ರಬ್ಬರ್ ಬ್ಯಾಂಡ್..."

"ನೀವು ತೆಗೆದ್ರಿ. ಪರವಾಗಿಲ್ಲ, ಸುತ್ತುವಾಗಲೇ ರುಚಿ ನೋಡಿ ಸಾಲು ಎಣಿಸಿಟ್ಟುಕೊಂಡಿದ್ದೆ, ಆಮೇಲೆ ಎಣಿಕೆ ಮೇಲೇ ನಡೆಸಿದೆ. ನಿಮ್ಮ ಸಾಲು ಒಂದಿಂಚು ಆಚೀಚೆ ಆಗಲ್ಲವಲ್ಲ. ಕೆಳಗಿನ ಹಲಗೇಲಿ ನಾಲ್ಕನೇದು ಸಕ್ಕರೆ. ಎಷ್ಟೋ ಸುಲಭ ಆಯ್ತು ಅಂದುಕೊಂಡೆ."

ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ನನ್ನ ಶಿಸ್ತನ್ನು ಇಡೀ ಆಯುಷ್ಯದಲ್ಲಿ ಯಾರಾದರೂ ಮನಸಾರೆ ನಂಬಿದ್ದರೆ ಅದು ಇವಳು. ನಂಬಿ ನಾಲ್ಕರವರೆಗೆ ಎಣಿಸಿದಳು.

ಏಪ್ರಿಲ್ 6, ಭಾನುವಾರ

ಮಗಳಿಗೆ ಖುಷಿ, ಅಳು, ಎರಡೂ. "ತಲೆ ಅಲ್ಲ, ಕಣ್ಣು. ಸದ್ಯ. ಕಾಣದೆ ಬಚ್ಚಲಿನ ಪ್ಯಾಕೆಟ್ ತಂದುಬಿಟ್ಟಿದ್ದಾಳೆ, ಅಷ್ಟೇ ತಾನೇ." ಅಮ್ಮನ ಕೆನ್ನೆ ಸವರಿದಳು. ಎಲ್ಲ ಲೆಕ್ಕಕ್ಕೆ ಕೂತಿತು. ಇನ್ನು ನಾನು ಏನೂ ಹೇಳಬೇಕಾಗಿಲ್ಲ. ಯಾರೂ ಕೇಳುವುದಿಲ್ಲ. ಕಣ್ಣು ಇಲ್ಲದವಳ ತಪ್ಪನ್ನು ಯಾರೂ ತಪ್ಪು ಎನ್ನುವುದಿಲ್ಲ. ಬಚಾವಾದೆ.

ಸೋಮವಾರ ಹದಿನಾಲ್ಕರಿಂದ ಅಡುಗೆಯವಳು ಬರುತ್ತಾಳಂತೆ. ಮಗಳೇ ಗೊತ್ತು ಮಾಡಿದ್ದಾಳೆ. ಇವಳು ಬೇಡವೆನ್ನುತ್ತಾಳೆ, ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. "ಸರಿ" ಅಂದಳು.

ಮಗಳು ಹೋದ ಮೇಲೆ ಪಕ್ಕದಲ್ಲಿ ಕೂತೆ.

"ರೀ, ಬಚ್ಚಲಿಗೆ ನಾನು ಹೋಗೇ ಇರಲಿಲ್ಲ."

"ಬಿಡು ಈಗ ಅದು."

"ಕಣ್ಣು ಕಾಣಲ್ಲ ಸರಿ. ಬೆರಳಿಗೆ ಏನಾಗಿತ್ತು? ನಾನು ನಾಲ್ಕು ಎಣಿಸಿದ್ದು ನೆನಪಿದೆ. ಆಮೇಲೆ ಎಷ್ಟು ಸಲ ಎಣಿಸಿ ನೋಡಿದೆ. ನಾಲ್ಕನೇದು ಸಕ್ಕರೆನೇ. ಹಾಗಾದ್ರೆ ಅವತ್ತು ಬಚ್ಚಲಿಗೆ ಹೋಗಿ ಬಂದದ್ದು ನನಗೆ ಮರೆತೇ ಹೋಗಿದೆ. ಅಂಥದ್ದೇ ಮರೆತುಹೋಗೋದಾದ್ರೆ ಆ ಡಾಕ್ಟ್ರು ಹೇಳಿದ್ದು ಸುಳ್ಳು, ನನ್ನ ತಲೆನೇ ಸರಿ ಇಲ್ಲ. ಅದಕ್ಕೇ ಅಡುಗೆಯವಳು ಬರಲಿ ಅಂತ ಒಪ್ಪಿಕೊಂಡೆ. ಮಗೂಗೆ ಇನ್ನೊಂದು ಸಲ ಏನಾದ್ರೂ ಮಾಡಿಬಿಟ್ಟರೆ?"

"ಹಾಗೇನಿಲ್ಲ" ಅಂದೆ.

"ನಿಮಗೆ ಹೇಗೆ ಗೊತ್ತು?"

ಒಂದೇ ವಾಕ್ಯ ಸಾಕಾಗಿತ್ತು. ಪಕ್ಕದ ಮನೆಯವರು ಕರೆದರು, ಎದ್ದುಹೋದೆ.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ

ಗುಜರಿ ಅಂಗಡಿಗೆ ಹೋಗಿದ್ದೆ. ಹಿಂದಿನ ಅಂಗಳದಲ್ಲಿ ಬೆಟ್ಟದಷ್ಟು ತಗಡು. ಒಂದೂವರೆ ಗಂಟೆ ಕೆದಕಿದೆ. ಅಂಗಡಿಯವನು ಟೀ ಕುಡಿಯುತ್ತ ನೋಡುತ್ತಿದ್ದ. "ಏನ್ ಸಾರ್, ಚಿನ್ನ ಗಿನ್ನ ಬಿಟ್ರಾ ಡಬ್ಬದೊಳಗೆ?"

"ಒಂದು ಹಾಲಿನ ಪುಡಿ ಡಬ್ಬ. ನೆಗ್ಗಿದ್ದು."

"ಇಲ್ಲಿ ನೆಗ್ಗದೇ ಇರೋದು ಯಾವುದಿದೆ ಸಾರ್."

ಸಿಗಲಿಲ್ಲ. ಸಿಕ್ಕಿದ್ದರೆ ಅದನ್ನು ಅವಳ ಕೈಗಿಟ್ಟು ಮಾತಾಡದೆ ಪಾರಾಗುತ್ತಿದ್ದೆನೇನೋ. ಅದಕ್ಕೇ ಹೋದದ್ದು, ಈಗ ಗೊತ್ತಾಗುತ್ತಿದೆ. ಬೆರಳು ಕುಯ್ದುಕೊಂಡು ಬಂದೆ. ಟಿಟಿ ಇಂಜೆಕ್ಷನ್.

ಏಪ್ರಿಲ್ 11, ಶುಕ್ರವಾರ

ರಬ್ಬರ್ ಬ್ಯಾಂಡ್ ಡ್ರಾಯರಿನಿಂದ ತೆಗೆದೆ. ಉಪ್ಪಿಗೆ ಒಂದು, ಸಕ್ಕರೆಗೆ ಎರಡು. ತೊಗರಿಬೇಳೆಗೆ ದಾರ. ಮೆಣಸಿನ ಪುಡಿಯ ಮುಚ್ಚಳಕ್ಕೆ ಮೇಣದ ತೊಟ್ಟು ಬಿಡುವಾಗ ಕೈ ಸುಟ್ಟಿತು. ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ಮುಟ್ಟಿಸಿದೆ.

ಸಕ್ಕರೆ ಡಬ್ಬಿಯ ಮೇಲೆ ಸ್ವಲ್ಪ ಹೊತ್ತು ಬೆರಳು ಆಡಿಸಿದಳು. "ಎಲ್ಲ ನೆನಪಿಟ್ಟುಕೊಂಡಿದ್ದೀರಲ್ಲ" ಅಂದಳು. ಆಮೇಲೆ, "ಈಗ್ಯಾಕೆ ಇದೆಲ್ಲ. ನಾನು ಇನ್ನು ಇಲ್ಲಿ ಕೈ ಹಾಕಲ್ಲ ರೀ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ" ಎಂದು ಹೊರಗೆ ಹೋದಳು. ಗೋಡೆ ಹಿಡಿದುಕೊಂಡು ಹೋದಳು. ಮೊದಲು ಗೋಡೆ ಹಿಡಿಯುತ್ತಿರಲಿಲ್ಲ, ಈ ಮನೆಯಲ್ಲಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಾಳೆ ಹೇಳುತ್ತೇನೆ.

ಏಪ್ರಿಲ್ 12, ಶನಿವಾರ

ಹೇಳಲಿಲ್ಲ.

ಏಪ್ರಿಲ್ 13, ಭಾನುವಾರ. ಸಂಜೆ 4

ನಾಳೆ ಅಡುಗೆಯವಳು ಬರುತ್ತಾಳೆ. ದಿನಸಿ ಪಟ್ಟಿ ಆಗಬೇಕು. ಊಟದ ಟೇಬಲ್ಲಿನ ಮೇಲೆ ಈ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಮೂವತ್ತು ವರ್ಷ ನನ್ನ ಡೈರಿಗಳನ್ನು ಬೀರುವಿನಲ್ಲಿ ಸ್ವೆಟರಿನ ಕೆಳಗೆ ಬಚ್ಚಿಟ್ಟಿದ್ದೆ. ಇದು ಈಗ ಹತ್ತು ದಿನದಿಂದ ಹೀಗೇ ಬಿದ್ದಿರುತ್ತದೆ. ಅವಳು ಓದಲಾರಳು ಎಂದು. ಅದು ಗೊತ್ತಾದ ದಿನದಿಂದ ಬಚ್ಚಿಡುವುದನ್ನು ಬಿಟ್ಟಿದ್ದೇನೆ. ಇದನ್ನು ಬರೆಯುವಾಗಲೇ ಗಮನಕ್ಕೆ ಬಂತು.

ಅವಳು ಎದುರಿನ ಕುರ್ಚಿಯಲ್ಲಿ ಕೂತಿದ್ದಾಳೆ. ಡ್ರಾಪ್ಸ್ ಹಾಕಿದ್ದೇನೆ, ಕಣ್ಣು ಮುಚ್ಚಿಕೊಂಡಿದ್ದಾಳೆ.

"ಏನು ಬರೀತಾ ಇದ್ದೀರಿ?"

"ದಿನಸಿ ಪಟ್ಟಿ."

"ಓದಿ. ಬಿಟ್ಟುಹೋಗಿದ್ರೆ ಹೇಳ್ತೀನಿ. ಬರೋಳಿಗೆ ಎಲ್ಲಾ ಸರಿಯಾಗಿ ಇರಲಿ, ಪಾಪ."

ಪಟ್ಟಿ ಎಲ್ಲಿದೆ. ಪುಟದ ತುಂಬ ಇದೇ ಇದೆ. ಡಬ್ಬಿಗಳ ಸಾಲು ಬಾಯಿಪಾಠ, ಅದನ್ನೇ ಓದಿದ ಹಾಗೆ ಹೇಳುತ್ತ ಹೋದೆ. ಅಕ್ಕಿ ಐದು ಕಿಲೋ. ಅವಲಕ್ಕಿ ಅರ್ಧ. ಉಪ್ಪು, ಎಣ್ಣೆ, ಗೋಧಿ ಹಿಟ್ಟು. ಅವಳು ಅಲ್ಲಲ್ಲಿ ತಿದ್ದಿದಳು — ಅಕ್ಕಿ ಹಳೇದು ಕೇಳಿ, ಎಣ್ಣೆ ಎರಡು ಬೇಡ, ಒಂದು ಸಾಕು, ಬೇಳೆನ ಅಂಗೈಲಿ ಉಜ್ಜಿ ನೋಡಿ, ಪುಡಿ ಅಂಟಿದ್ರೆ ವಾಪಸ್ ಕೊಡಿ. ದನಿ ಹಳೆಯ ದನಿಯಾಯಿತು. ಅಡುಗೆಮನೆಯ ಯಜಮಾನಿಯ ದನಿ. ಬೆರಳುಗಳು ಟೇಬಲ್ಲಿನ ಮೇಲೆ ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು.

ಕೆಳಗಿನ ಹಲಗೆಗೆ ಬಂದೆ. ಯಾಲಕ್ಕಿ. ರವೆ. ಲವಂಗ.

ನಿಲ್ಲಿಸಿದೆ.

"ಹೂಂ, ಮೂರಾಯ್ತು" ಅಂದಳು. "ನಾಲ್ಕನೇದು?"

ಹಿಂದಿನ ರಟ್ಟಿನೊಳಗಿಂದ ಮಗುವಿನ ಲೇಬಲ್ ತೆಗೆದಿದ್ದೇನೆ. ಟೇಬಲ್ಲಿನ ಮೇಲೆ ಇದೆ, ಅವಳ ಬೆರಳಿಗೆ ಒಂದು ಗೇಣು ದೂರದಲ್ಲಿ. ಅಂಟು ಒಣಗಿ ಮುದುಡಿದೆ. ಪೆನ್ನಿನ ಸದ್ದು ಅವಳಿಗೆ ಕೇಳುತ್ತಿದೆ, ಕಣ್ಣು ಮುಚ್ಚಿಕೊಂಡೇ ಮುಖ ಈ ಕಡೆ ತಿರುಗಿಸಿದ್ದಾಳೆ.

"ಬರೆಯೋದು ಆಮೇಲೆ. ಹೇಳಿ. ನಾಲ್ಕನೇದು ಏನು?"

ಅವತ್ತು ನಾಲ್ಕನೆಯದು ಸಕ್ಕರೆ ಆಗಿರಲಿಲ್ಲ ಕಣೇ, ನೀನು ಎಣಿಸಿದ್ದು ಸರಿಯಾಗಿಯೇ ಇತ್ತು, ಅಲ್ಲಿ ನಾನು